ಚಂದ್ರವ್ವನನ್ನು ಕಂಡಿರಾ?

"ಗುರುಗಳೇ, ಹುಡುಕಿದ್ದು ಸಿಗಲಿಲ್ಲ ಎಂದರೆ ಅದು ಇಲ್ಲವೆಂದೇ ಅರ್ಥವೇ?" ಎಂದು ಮರುಳಸಿದ್ಧ ಕೇಳಿದ.

ಅವನು ಮೂರು ದಿನದಿಂದ ಕಂಪ್ಯೂಟರಿನ ಕಪ್ಪು ಪರದೆಯ ಮುಂದೆ ಕುಳಿತಿದ್ದ. ಮಠದ ಹಳೆಯ ದಿನಚರಿಗಳನ್ನೆಲ್ಲ ಯಾರೋ ಪುಣ್ಯಾತ್ಮರು ಟೈಪು ಮಾಡಿ ಸಾವಿರದಿನ್ನೂರು ಕಡತಗಳಲ್ಲಿ ತುಂಬಿಟ್ಟಿದ್ದರು. ಅವನ್ನು ಒಂದೊಂದಾಗಿ ತೆರೆದು ಓದಬೇಕಿರಲಿಲ್ಲ. ಗ್ರೆಪ್ ಎಂದು ಬರೆದು ಮುಂದೆ ಒಂದು ಪದ ಕೊಟ್ಟರೆ ಸಾಕು, ಆ ಪದವಿರುವ ಸಾಲುಗಳೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಬಂದು ನಿಲ್ಲುತ್ತಿದ್ದವು. ಅವನು ಕೊಟ್ಟದ್ದು ತನ್ನ ಹೆಸರನ್ನು.

ಕೂಸಾಗಿದ್ದಾಗ ಅವನನ್ನು ಯಾರೋ ಮಠಕ್ಕೆ ತಂದು ಒಪ್ಪಿಸಿದ್ದರು. ಅಂದು ಉಡಿದಾರದಲ್ಲಿದ್ದ ಸಣ್ಣ ಬೀಗದ ಕೈ ಈಗ ಅವನ ಕೊರಳಲ್ಲಿತ್ತು. ತಂದವರು ಯಾವ ಊರಿನವರು ಎಂಬುದು ಆ ದಿನದ ದಿನಚರಿಯಲ್ಲಿ ಇರಲೇಬೇಕು. ಬಂದ ಸಾಲುಗಳಲ್ಲಿ ಅವನ ಜ್ವರವಿತ್ತು, ಓದು ಬರಹವಿತ್ತು. ಕೂಸು ಮೊದಲ ಹೆಜ್ಜೆ ಇಟ್ಟ ಮೇಲೆಯೇ ಅದಕ್ಕೆ ಹೆಸರಿಡುವುದು ಆ ಮಠದ ರೂಢಿ. ಹಾಗೆ ಅವನಿಗೆ ಹೆಸರಿಟ್ಟ ದಿನವೂ ಇತ್ತು. ಬಂದ ದಿನ ಮಾತ್ರ ಇರಲಿಲ್ಲ. ಮೂರನೆಯ ದಿನ ಅವನಿಗೆ ಅಳುವೇ ಬಂತು.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಕುರುಬನ ಕುರಿ ತಪ್ಪಿಸಿಕೊಂಡಿತು. ಹಿಂಡಿನಲ್ಲಿ ಅದೆಂದರೆ ಅವನಿಗೆ ಪ್ರಾಣ. ಚಂದ್ರವ್ವ ಎಂದು ಹೆಸರಿಟ್ಟಿದ್ದ. ಊಟ ನಿದ್ದೆ ಬಿಟ್ಟು ಊರೂರು ಅಲೆದು, "ನಮ್ಮ ಚಂದ್ರವ್ವನ್ನ ಯಾರಾರ ಕಂಡೀರೇನ್ರೀ?" ಎಂದು ಸಿಕ್ಕಸಿಕ್ಕವರನ್ನೆಲ್ಲ ಕೇಳಿದ. ಯಾರೂ ಕಂಡಿರಲಿಲ್ಲ. ಮಗಳು ಮನೆ ಬಿಟ್ಟು ಹೋಗಿದ್ದಾಳೆಂದು ತಿಳಿದ ಕೆಲವರು, ಪಾಪ, ರೊಟ್ಟಿ ಕೊಟ್ಟು ಸಮಾಧಾನ ಹೇಳಿದರು. ಇಷ್ಟು ಜನ ಕಂಡಿಲ್ಲವೆಂದ ಮೇಲೆ ತೋಳದ ಪಾಲಾಯಿತೆಂದೇ ಲೆಕ್ಕ ಎಂದುಕೊಂಡು, ಮೊಟ್ಟಮೊದಲು ಕೇಳಿದ್ದ ಊರಿಗೇ ಮರಳಿ ಬಂದು ಬಾವಿಕಟ್ಟೆಯ ಮೇಲೆ ಕುಸಿದು ಕೂತ.

ನೀರು ಸೇದುತ್ತಿದ್ದ ಮುದುಕಿ ಅವನ ಗೋಳು ಕೇಳಿದಳು. "ಚಂದ್ರವ್ವ ಅಂತ ನೀ ಕರೀತಿ. ಕಂಡವರಿಗೆ ಏನ್ ಕಾಣತೈತಿ, ಅದನ್ನ ಹೇಳು."

"ಎಡಗಿವಿ ಹರದೈತಿ, ಬೇ."

"ಅಯ್ಯ ನನ್ನಪ್ಪಾ, ಹರಕ ಕಿವಿ ಕುರಿ ಏನು? ಸೋಮವಾರದಿಂದ ಗಾಣಿಗರ ಹಿತ್ತಲದಾಗ ಹಿಂಡಿ ತಿನಕೋತ ಆರಾಮ ಐತಲ್ಲೋ!"

ಊರಿಗೆ ಊರೇ ಅದನ್ನು ನೋಡಿತ್ತು. ಕುರುಬ ಓಡಿದ ಓಟಕ್ಕೆ ಅವನ ರುಮಾಲು ಬಾವಿಕಟ್ಟೆಯ ಮೇಲೆಯೇ ಉಳಿಯಿತು.

"ಕುರಿ ಸಿಕ್ಕಿತು, ಸಂತೋಷ. ನನಗೇನು ಬಂತು ಇದರಿಂದ?" ಎಂದು ಮರುಳಸಿದ್ಧ ಸ್ವಲ್ಪ ಸಿಡುಕಿಯೇ ಕೇಳಿದ.

ಗುರುಗಳು ಅವನ ಕೊರಳಲ್ಲಿದ್ದ ಬೀಗದ ಕೈಯನ್ನು ಬೆರಳಿಂದ ಮುಟ್ಟಿದರು. "ನೀನು ಬಂದ ದಿನ ನಿನಗೆ ಹೆಸರೆಲ್ಲಿತ್ತು, ಮಗೂ? ಆ ಕಂಪ್ಯೂಟರಿಗೆ ಇದನ್ನು ಹುಡುಕಲು ಹೇಳು."