ಹಿರಿಯರು ತುಂಬಿದ ಚೀಲ

"ಗುರುಗಳೇ, ದೂರ ಹೋಗುವವನು ಏನನ್ನು ಹೊತ್ತುಕೊಂಡು ಹೋಗಬೇಕು?" ಎಂದು ಶಿಷ್ಯ ಕೇಳಿದ.

ಅವನು ಮರುದಿನ ಹೊರಡುವವನಿದ್ದ. ಬೆಟ್ಟದಾಚೆಯ ಊರಿನವರು ತಮಗೊಬ್ಬ ಗುರು ಬೇಕೆಂದು ಕೇಳಿದ್ದರು. ಗುರುಗಳು ಇವನನ್ನು ಆರಿಸಿದ್ದರು. ಸುದ್ದಿ ತಿಳಿದಂದಿನಿಂದ ಮಠದ ಹಿರಿಯರೆಲ್ಲ ಅವನನ್ನು ಕೂರಿಸಿಕೊಂಡು ಬುದ್ಧಿ ಹೇಳಿದ್ದರು. ಹೀಗೆ ಕೂರು, ಹೀಗೆ ಮಾತಾಡು, ಇಂಥವರನ್ನು ಹತ್ತಿರ ಬಿಟ್ಟುಕೊಳ್ಳಬೇಡ, ಇಂಥದ್ದನ್ನು ಮುಟ್ಟಬೇಡ. ಅವನು ಎಲ್ಲವನ್ನೂ ಬಾಯಿಪಾಠ ಮಾಡಿದ್ದ. ಈಗ ಅವನಿಗೆ ಊಟ ಸೇರುತ್ತಿರಲಿಲ್ಲ.

ಗುರುಗಳು ಅವರೆಕಾಯಿ ಬಿಡಿಸುತ್ತಿದ್ದರು. ಕೈ ನಿಲ್ಲಿಸದೆ, "ಒಬ್ಬ ಬೇಟೆಗಾರನಿದ್ದ" ಎಂದರು.

"ಬೇಟೆಯ ಕತೆಯೇ?" ಶಿಷ್ಯ ಮುಖ ಸಣ್ಣದು ಮಾಡಿದ. ಮಠದಲ್ಲಿ ಯಾರೂ ಮಾಂಸದ ಮಾತೆತ್ತುತ್ತಿರಲಿಲ್ಲ.

"ಹಸಿದವರ ಕತೆ. ಬೇಡವಾದರೆ ಏಳು."

ಶಿಷ್ಯ ಏಳಲಿಲ್ಲ. ಗುರುಗಳು ಹೇಳಿದರು.

ಬೇಟೆಗಾರನ ಹಟ್ಟಿ ಬೆಟ್ಟದ ಬುಡದಲ್ಲಿತ್ತು. ಅಲ್ಲಿ ಮಣ್ಣು ಕಡಿಮೆ, ಕಲ್ಲು ಹೆಚ್ಚು. ಬೇಟೆ ಸಿಕ್ಕರೆ ಹಟ್ಟಿ ಉಣ್ಣುತ್ತಿತ್ತು, ಸಿಗದಿದ್ದರೆ ಇಲ್ಲ. ಹತ್ತಿರದ ಗುಡ್ಡಗಳಲ್ಲಿ ಪ್ರಾಣಿಗಳು ಮುಗಿದಿದ್ದವು. ಕಡವೆಗಳು ಮೂರನೆಯ ಬೆಟ್ಟ ದಾಟಿ ಹೋಗಿದ್ದವು. ಅಲ್ಲಿಗೆ ಹೋಗಿಬರಲು ದಿನಗಟ್ಟಲೆ ಬೇಕು.

ಇಂಥ ದೂರದ ಬೇಟೆಗೆ ಹೊರಡುವವನು ತನ್ನ ಚೀಲವನ್ನು ತಾನೇ ತುಂಬಿಕೊಳ್ಳುವಂತಿರಲಿಲ್ಲ. ಹಿರಿಯರು ತುಂಬುತ್ತಿದ್ದರು. ಅದು ಹಟ್ಟಿಯ ಕಟ್ಟಳೆ. ಹಿಂದೆ ಯಾವನೋ ಒಬ್ಬ ಬಾಯಾರಿ ಸತ್ತಿದ್ದ. ಅಂದಿನಿಂದ ಚೀಲಕ್ಕೆ ಎರಡನೆಯ ನೀರಿನ ಸೋರೆಬುರುಡೆ ಬಂತು. ಇನ್ನೊಬ್ಬ ಬಂಡೆಯಿಂದ ಜಾರಿದ್ದ, ಹಗ್ಗ ಬಂತು. ಒಬ್ಬನಿಗೆ ಹಾವು ಕಚ್ಚಿತ್ತು. ಬೇರಿನ ಗಂಟು ಬಂತು. ಒಬ್ಬನ ಮೇಲೆ ಕರಡಿ ಬಿದ್ದಿತ್ತು, ಕೊಡಲಿ ಬಂತು. ಒಬ್ಬ ದಾರಿ ತಪ್ಪಿ ತಿರುಗಿ ಬರಲೇ ಇಲ್ಲ. ದಾರಿ ತೋರಲೆಂದು ಗುಡಿಯ ಮುಂದಿನ ಕಲ್ಲೊಂದು ಬಂತು. ಸತ್ತವರು ಹೆಚ್ಚಿದಂತೆ ಚೀಲ ತುಂಬಿತು. ಒಳಗೆ ಹೋದದ್ದು ಯಾವುದೂ ಮತ್ತೆ ಹೊರಗೆ ಬಂದದ್ದಿಲ್ಲ. ಅದರಲ್ಲಿ ಒಂದನ್ನು ಕಾಡಿನಲ್ಲಿ ಬಿಟ್ಟುಬಂದರೂ ಆ ಸತ್ತವನನ್ನು ಇನ್ನೊಮ್ಮೆ ಬಿಟ್ಟುಬಂದಂತೆ ಎಂದು ಹಟ್ಟಿ ನಂಬಿತ್ತು.

ಚೀಲವೋ ಎಮ್ಮೆಯ ತೊಗಲಿನದು. ಖಾಲಿ ಇದ್ದಾಗಲೇ ಒಂದು ಆಡಿನ ಮರಿಯಷ್ಟು ತೂಗುತ್ತಿತ್ತು.

ಎಲ್ಲಕ್ಕಿಂತ ಮೇಲೆ ಒಂದು ಕರಿಯ ಕಂಬಳಿ ಇರುತ್ತಿತ್ತು. ಅದು ಬೇಟೆಗಾರನ ಅಪ್ಪನ ಹೆಸರಿನದು. ಅಪ್ಪ ಎರಡನೆಯ ಬೆಟ್ಟದ ನೆತ್ತಿಯಲ್ಲಿ ಚಳಿಗೆ ಸೆಟೆದು ಸತ್ತಿದ್ದ.

ಹಿಂದಿನ ಬೇಟೆಯಲ್ಲಿ ಬೇಟೆಗಾರ ಮೂರನೆಯ ಬೆಟ್ಟದ ಆಚೆ ಒಂದು ಕಡವೆ ಹೊಡೆದಿದ್ದ. ಆ ಮೂಟೆ ಹೊತ್ತು ಅಷ್ಟು ದೂರ ಹೋಗಬಲ್ಲವನು ಹಟ್ಟಿಯಲ್ಲಿ ಅವನೊಬ್ಬನೇ. ಕಡವೆ ಚೆನ್ನಾಗಿ ಕೊಬ್ಬಿತ್ತು. ಅವನು ಸುಲಿದ, ಕೊಯ್ದ, ಆಮೇಲೆ ಚೀಲದ ಮುಂದೆ ನಿಂತ. ಚೀಲದಲ್ಲಿ ಒಂದು ಮುಷ್ಟಿ ಜಾಗವೂ ಇರಲಿಲ್ಲ. ಬೆನ್ನಿನಲ್ಲಿ ಮತ್ತಿಷ್ಟು ಹೊರುವ ಬಲವೂ ಇರಲಿಲ್ಲ. ಒಂದು ತೊಡೆಯನ್ನು ಕೈಯಲ್ಲಿ ಹಿಡಿದುಕೊಂಡ. ಉಳಿದದ್ದನ್ನು ನರಿಗಳಿಗೆ ಬಿಟ್ಟ. ಆ ಭಾರದಲ್ಲಿ ನಿಂತು ನಿಂತು ನಡೆದು ಹಟ್ಟಿ ಮುಟ್ಟುವಷ್ಟರಲ್ಲಿ ತೊಡೆಯೂ ನಾರುತ್ತಿತ್ತು.

ಹಿರಿಯರು ಚೀಲ ಬಿಚ್ಚಿ ಒಂದೊಂದನ್ನೇ ತೆಗೆದು ನೋಡಿದರು. ಎಲ್ಲ ಇತ್ತು. "ಭೇಷ್" ಎಂದರು.

ಅವನ ತಂಗಿ ಆ ದಿನ ಹಳೆಯ ಎಲುಬೊಂದನ್ನು ನೀರಿಗೆ ಹಾಕಿ ಕುದಿಸುತ್ತಿದ್ದಳು. ಹಿಂದಿನ ದಿನವೂ ಅದೇ ಎಲುಬನ್ನು ಕುದಿಸಿದ್ದಳು. ಅವಳ ಮಕ್ಕಳು ಒಲೆಯ ಮುಂದಿನಿಂದ ಏಳಲಿಲ್ಲ.

ಬೇಟೆಗಾರ ಅಂದೇ ಪುಂಡಿನಾರು ಹೊಸೆಯಲು ಕುಳಿತ. ಹೊಸೆದ ದಾರದಿಂದ ಬಲೆಯಂತೆ ಒಂದು ಚೀಲ ಹೆಣೆದ. ಹಟ್ಟಿಯ ಗಂಡಸರು ಸುತ್ತ ನೆರೆದರು.

"ಏನೋ, ಬೆಟ್ಟದ ಮೇಲೆ ಮೀನು ಹಿಡಿಯೋಕೆ ಹೊರಟೆಯಾ?"

"ಹೂಂ. ನಾಲ್ಕು ಕಾಲಿನ ಮೀನು."

"ಬಲೆ ಹರಿದು ಓಡಿಹೋದೀತು, ನೋಡ್ಕೊ!"

"ಹರಿದ್ರೆ ಹೊಲೀತೀನಿ. ಅಲ್ಲೀವರೆಗೆ ನೀವು ನಗ್ತಿರಿ."

ಅದು ಹರಿದೇ ಹರಿಯಿತು. ಅವನು ಚೀಲಕ್ಕೆ ಕಲ್ಲು ತುಂಬಿ ಹಟ್ಟಿಯ ಹಿಂದಿನ ಗುಡ್ಡ ಹತ್ತಿ ನೋಡಿದ. ಹೆಗಲ ಪಟ್ಟಿ ಕಿತ್ತುಬಂತು. ಕಲ್ಲುಗಳು ಉರುಳಿ ಯಾರದೋ ಹಿತ್ತಲಿಗೆ ಬಿದ್ದವು. ಕೋಳಿಗಳು ಹಾರಿದವು, ಬೈಗುಳ ಕೇಳಿತು. ಅವನು ಮತ್ತೆ ಕುಳಿತು ಪಟ್ಟಿಯನ್ನು ಅಗಲ ಮಾಡಿದ. ಸೊಂಟಕ್ಕೂ ಒಂದು ಪಟ್ಟಿ ಹಾಕಿ ಬಿಗಿದ. ಭಾರ ಹೆಗಲಿನಿಂದ ಸೊಂಟಕ್ಕೆ ಇಳಿಯಿತು. ದೊಡ್ಡ ಕಲ್ಲನ್ನು ಬೆನ್ನಿಗೆ ಒತ್ತಿಕೊಂಡಂತೆ ಇಟ್ಟರೆ ಚೀಲ ಹಿಂದಕ್ಕೆ ಎಳೆಯುವುದಿಲ್ಲ ಎಂಬುದೂ ತಿಳಿಯಿತು. ಖಾಲಿಯಾದಾಗ ಆ ಚೀಲ ಮುದುಡಿ ಕಂಕುಳಲ್ಲಿ ಅಡಗುತ್ತಿತ್ತು. ತುಂಬಿದರೆ ತುಂಬಿದಷ್ಟೂ ಹಿಗ್ಗುತ್ತಿತ್ತು.

ಹೊರಡುವ ದಿನ ಹಿರಿಯರು ಎಮ್ಮೆ ತೊಗಲಿನ ಚೀಲವನ್ನು ತುಂಬಿ ಹಟ್ಟಿಯ ಯಜಮಾನನ ಅಂಗಳದಲ್ಲಿ ಇಟ್ಟಿದ್ದರು. ಎಲ್ಲರೂ ಸೇರಿದ್ದರು. ಬೇಟೆಗಾರ ಬಂದವನೇ ಅದರ ಬಾಯಿ ಬಿಚ್ಚಿದ. ಬುಡ ಹಿಡಿದು ಎತ್ತಿ, ಇದ್ದದ್ದನ್ನೆಲ್ಲ ನೆಲಕ್ಕೆ ಸುರಿದ.

"ಹಿರಿಯರ ಮುಂದೆಯೇ?" ಶಿಷ್ಯ ತಡೆಯಲಾರದೆ ಕೇಳಿದ.

"ಹಿಂದೆ ಸುರಿದಿದ್ದರೆ ಕಳ್ಳತನವಾಗುತ್ತಿತ್ತು" ಎಂದರು ಗುರುಗಳು. ಮುಂದೆ ಹೇಳಿದರು.

ಬೇಟೆಗಾರ ಮಂಡಿಯೂರಿ ಕುಳಿತು ಒಂದೊಂದನ್ನೇ ಎತ್ತಿದ. ಹೋದ ಸಲ ತನ್ನ ಕೈ ಇದನ್ನು ಮುಟ್ಟಿತ್ತೇ ಎಂದು ತನ್ನನ್ನೇ ಕೇಳಿಕೊಂಡ. ಚೂರಿಯನ್ನು ಮುಟ್ಟಿತ್ತು. ಚಕಮಕಿ ಕಲ್ಲನ್ನು ಮುಟ್ಟಿತ್ತು. ಒಂದು ಬುರುಡೆಯನ್ನು ಮುಟ್ಟಿತ್ತು. ದಾರಿಯುದ್ದಕ್ಕೂ ತೊರೆಗಳಿದ್ದುದರಿಂದ ಎರಡನೆಯದು ಬೇಕಾಗಿರಲಿಲ್ಲ. ಕೊಡಲಿಯನ್ನು ಪಕ್ಕಕ್ಕೆ ಸರಿಸಿದ. ಬೇರಿನ ಗಂಟು ಬಿಚ್ಚಿದ. ಯಾರ ಕಾಲದ್ದೋ ಏನೋ, ಒಳಗೆ ಬರೀ ಧೂಳಿತ್ತು. ಹಗ್ಗವನ್ನು ತನ್ನ ಬಲೆಚೀಲಕ್ಕೆ ಹಾಕಿಕೊಂಡ.

"ಅದು ಮಾತ್ರ ಬೇಕೋ?" ಒಬ್ಬ ಮುದುಕ ಕೊಂಕು ತೆಗೆದ. "ಬಂಡೆ ಕಂಡ್ರೆ ಭಯ ಆಯ್ತೇನು?"

"ಮಾಂಸ ಕಟ್ಟೋಕೆ ಬೇಕು, ಅಜ್ಜ."

ಹುರಿಹಿಟ್ಟಿನ ಗಂಟು, ಉಪ್ಪಿನ ಗಂಟು ಒಳಗೆ ಹೋದವು. ಗುಡಿಯ ಕಲ್ಲನ್ನು ಎರಡು ಕೈಯಲ್ಲಿ ಎತ್ತಿ ಅಂಗಳದ ನಡುವೆ ನಿಲ್ಲಿಸಿದ. "ನಾನು ತಿರುಗಿ ಬರೋದು ಇಲ್ಲಿಗೇ. ದಾರಿ ಇಲ್ಲಿಂದಲೇ ತೋರಿಸಲಿ."

ಉಳಿದದ್ದು ಕಂಬಳಿ. ಅದನ್ನು ಅವನು ಎತ್ತುವ ಮೊದಲೇ ಅವ್ವ ಎತ್ತಿಕೊಂಡಿದ್ದಳು. ನೂಲು ತೆಗೆದು ನೇಯಿಸಿದವಳು ಅವಳೇ.

"ಇದನ್ನಾದ್ರೂ ತಗೊಂಡು ಹೋಗೋ, ಮಗಾ. ನಿಮ್ಮಪ್ಪಂದು."

ಬೇಟೆಗಾರ ಹಿಂಜರಿದ. ಇದನ್ನು ಅವನ ಕೈ ಮುಟ್ಟಿತ್ತು. ಹೋದ ಸಲ ಹೊದ್ದಿದ್ದ, ಬೆಚ್ಚಗಿತ್ತು. ಮಳೆಯಲ್ಲಿ ನೆಂದ ಮೇಲೆ ಉಳಿದೆಲ್ಲ ಸಾಮಾನಿನಷ್ಟು ಅದೊಂದೇ ತೂಗಿತ್ತು. ಅದನ್ನು ಹೊತ್ತದ್ದಕ್ಕೆ ಬಿಟ್ಟುಬಂದ ಮಾಂಸ ಎಷ್ಟೆಂದು ಅವನಿಗೆ ಗೊತ್ತಿತ್ತು.

"ಬೇಡ, ಅವ್ವ."

ಯಜಮಾನ ಎದ್ದು ನಿಂತ. "ಹೆತ್ತವಳ ಮಾತೂ ಬೇಡವಾಯ್ತಾ ನಿನಗೆ? ನಿಮ್ಮಪ್ಪನ್ನ ಬೆಟ್ಟದಿಂದ ಹೊತ್ತು ತಂದವನು ನಾನು. ಮರದ ಕೊರಡಿನ ಹಾಗೆ ಆಗಿದ್ದ. ಒಂದು ಕಂಬಳಿ ಇದ್ದಿದ್ರೆ ಬದುಕಿರೋನು."

"ಅಪ್ಪ ಹೇಗೆ ಬಿದ್ದಿದ್ದ, ಯಜಮಾನ್ರೇ?"

"ಬೋರಲು ಬಿದ್ದಿದ್ದ."

"ಬೆನ್ನ ಮೇಲೆ ಏನಿತ್ತು?"

"ಚೀಲ."

"ತುಂಬಿತ್ತೋ, ಖಾಲಿಯೋ?"

"ತುಂಬಿತ್ತು. ಒಂದು ಸಾಮಾನೂ ಬಿಟ್ಟಿರಲಿಲ್ಲ."

"ಆ ನೆತ್ತಿಯಿಂದ ಕೂಗಿದ್ರೆ ಕೇಳೋ ದೂರದಲ್ಲಿ ಒಂದು ಗವಿ ಇದೆ. ಒಳಗೆ ಒಣಕಟ್ಟಿಗೆ ಇರುತ್ತೆ. ನನಗೆ ತೋರಿಸಿದವನು ಅಪ್ಪನೇ. ಚೀಲ ಬಿಸಾಕಿದ್ರೆ ತೆವಳಿಕೊಂಡಾದ್ರೂ ಅಲ್ಲಿಗೆ ಹೋಗ್ತಿದ್ದ. ಬಿಸಾಕಲಿಲ್ಲ. ನಿಮ್ಮ ಕಟ್ಟಳೆ ಮೀರಲಿಲ್ಲ. ನೀವು ಆ ಚೀಲಾನ ಅವನ ಬೆನ್ನಿಂದ ಇಳಿಸಿದಿರಿ. ಹಟ್ಟಿಗೆ ತಂದಿರಿ. ತಂದು, ಅದಕ್ಕೇ ಒಂದು ಕಂಬಳಿ ಸೇರಿಸಿದಿರಿ."

ಅವ್ವ ಕಂಬಳಿಯನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು. ಮುದುಕರು ನೆಲ ನೋಡಿದರು. ಯಜಮಾನ ಮಾತ್ರ ನೆಲ ನೋಡಲಿಲ್ಲ.

"ಹೋಗು. ಬರಿಗೈಲಿ ಬಂದ್ರೆ ಬಿಲ್ಲನ್ನ ಈ ಅಂಗಳದಲ್ಲಿ ಇಟ್ಟು ಹೋಗ್ಬೇಕು. ಮತ್ತೆ ಯಾವತ್ತೂ ಮುಟ್ಟೋ ಹಾಗಿಲ್ಲ. ಬರದೇ ಹೋದ್ರೆ ಹುಡುಕೋಕೆ ಯಾರೂ ಬರೋದಿಲ್ಲ. ನಿನ್ನ ಹೆಸರಲ್ಲಿ ಚೀಲಕ್ಕೆ ಏನೂ ಬೀಳೋದಿಲ್ಲ."

"ಅಷ್ಟು ಮಾಡಿದ್ರೆ ಸಾಕು" ಎಂದ ಬೇಟೆಗಾರ.

ಅವ್ವನ ಕೈಯಿಂದ ಕಂಬಳಿ ತೆಗೆದುಕೊಂಡು ಅವಳ ಹೆಗಲಿಗೇ ಹೊದಿಸಿದ. ಬಿಲ್ಲು ಎತ್ತಿಕೊಂಡು ಹೊರಟ.

ಚೀಲ ಹಗುರವಿತ್ತು. ಎಮ್ಮೆಚೀಲ ಹೊತ್ತಾಗ ಕೂತು ಏದುಸಿರು ಬಿಡುತ್ತಿದ್ದ ಜಾಗಗಳನ್ನು ಅವನು ನಿಲ್ಲದೆ ದಾಟಿದ. ಎರಡನೆಯ ಬೆಟ್ಟದ ನೆತ್ತಿಯಲ್ಲಿ ಮಳೆ ಹಿಡಿಯಿತು. ಅವನು ಓಡಿದ. ಓಡಬಲ್ಲವನಾಗಿದ್ದ. ಗವಿ ಸೇರಿ ಬೆಂಕಿ ಹೊತ್ತಿಸಿ ಮೈ ಒಣಗಿಸಿಕೊಂಡ.

ಮೂರನೆಯ ಬೆಟ್ಟದ ಆಚೆ ಗವಿ ಇರಲಿಲ್ಲ. ಅಲ್ಲಿ ಗಾಳಿಯಿತ್ತು. ಒಣಗಿದ ಎಲೆ ಗುಡ್ಡೆ ಹಾಕಿ ಅದರೊಳಗೆ ಹೊಕ್ಕು ಮಲಗಿದ. ಹಲ್ಲು ಕಟಕಟ ಎಂದಿತು. ಕಾಲಿನ ಬೆರಳು ಇವೆಯೋ ಇಲ್ಲವೋ ತಿಳಿಯಲಿಲ್ಲ. ಕಂಬಳಿ ನೆನಪಾಯಿತು. ತಾನು ಮಾಡಿದ್ದು ತಪ್ಪೇನೋ ಎಂದೂ ಅನ್ನಿಸಿತು. ಎದ್ದು ನಿಂತ ಕಡೆಯೇ ಕುಣಿದ. ಕುಣಿಯುತ್ತ ಯಜಮಾನನನ್ನು ಬೈದ, ಮುದುಕರನ್ನು ಬೈದ, ಕೊನೆಗೆ ತನ್ನನ್ನೂ ಬೈದುಕೊಂಡ. ಬೈದದ್ದರಿಂದ ಮೈ ಸ್ವಲ್ಪ ಬಿಸಿಯಾಯಿತು.

ಬೆಳಕು ಹರಿದ ಮೇಲೆ ಕಡವೆಗಳು ತೊರೆಗೆ ಇಳಿದವು. ಅವನ ಬೆರಳು ಮರಗಟ್ಟಿದ್ದವು. ಮೊದಲ ಬಾಣ ಗುರಿ ತಪ್ಪಿತು. ಎರಡನೆಯದು ತಪ್ಪಲಿಲ್ಲ.

ಅವನು ಎಲುಬು ಬಿಟ್ಟು ಮಾಂಸ ಮಾತ್ರ ತೆಗೆದ. ಉಪ್ಪು ಸವರಿದ. ಹೊಗೆ ಹಾಕಿದ. ಭಾರದ ತುಂಡುಗಳನ್ನು ಬೆನ್ನಿನ ಕಡೆಗೆ ಇಟ್ಟು, ಹಗ್ಗದಿಂದ ಬಿಗಿದು, ಸೊಂಟದ ಪಟ್ಟಿ ಎಳೆದು ಕಟ್ಟಿದ. ಮೊದಲ ಸಲ ಏಳಲಾಗಲಿಲ್ಲ. ಮರ ಹಿಡಿದು ಎದ್ದ. ಹಿರಿಯರ ಚೀಲವಾದರೂ ಇಷ್ಟು ಭಾರವಿರಲಿಲ್ಲ. ಆದರೆ ಇದು ತಿನ್ನುವ ಭಾರ. ಇಳಿಜಾರಿನಲ್ಲಿ ಬಿದ್ದ, ಮೊಣಕಾಲು ತರಚಿತು, ಮತ್ತೆ ನಡೆದ. ಬಲೆಯ ಕಣ್ಣುಗಳಲ್ಲಿ ಗಾಳಿಯಾಡುತ್ತಿತ್ತು. ಮಾಂಸ ನಾರಲಿಲ್ಲ.

ಯಜಮಾನನ ಅಂಗಳದಲ್ಲಿ ಚೀಲ ಇಳಿಸಿದ. ಹಟ್ಟಿಯೆಲ್ಲ ಓಡಿಬಂತು. ಅವ್ವ ಮಾಂಸ ನೋಡಲಿಲ್ಲ, ಮಗನ ಮುಖ ನೋಡಿದಳು. ಅವನ ತುಟಿ ಒಡೆದಿತ್ತು.

"ಚಳಿ ಆಯ್ತೇನೋ?"

"ಆಯ್ತು ಅವ್ವ. ಪ್ರಾಣ ಹೋಗೋ ಅಷ್ಟು."

ಮುದುಕರ ತಲೆಗಳು ಒಟ್ಟಿಗೇ ಮೇಲೆದ್ದವು. ಅವರಲ್ಲೊಬ್ಬ ಆಗಲೇ ಚೀಲಕ್ಕೆಂದು ಕಂಬಳಿ ತರಲು ಮನೆಯ ಕಡೆ ತಿರುಗಿದ್ದ. ಬೇಟೆಗಾರ ಬಲೆಚೀಲದ ಬಾಯಿಯ ಮೇಲೆ ಅಂಗೈ ಇಟ್ಟ.

"ಚಳಿ ಆಯ್ತು ಅಂದೆ. ಕಂಬಳಿ ಕೇಳಲಿಲ್ಲ."

ಮುದುಕ ನಿಂತಲ್ಲೇ ನಿಂತ. ಯಜಮಾನ ಚೂರಿ ತರಿಸಿ ಮಾಂಸವನ್ನು ಪಾಲು ಮಾಡಿದ. ಬಿಲ್ಲಿನ ಮಾತೆತ್ತಲಿಲ್ಲ. ಆ ದಿನ ಹಟ್ಟಿಯಲ್ಲಿ ಎಲ್ಲರೂ ಉಂಡರು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಮುಖ ತಿಳಿಯಾಗಿತ್ತು. ಬಂದ ಮೇಲೆ ಮೊದಲ ಸಲ ಅವನು ನೆಟ್ಟಗೆ ಕುಳಿತ.

"ತಿಳಿಯಿತು, ಗುರುಗಳೇ. ಹಿರಿಯರು ಹೇಳಿದ್ದನ್ನೆಲ್ಲ ಇಲ್ಲಿಯೇ ಬಿಟ್ಟು ಹೋಗುತ್ತೇನೆ. ನೀವು ಹೇಳಿಕೊಟ್ಟದ್ದನ್ನು ಮಾತ್ರ ಹೊತ್ತುಕೊಂಡು ಹೋಗುತ್ತೇನೆ."

"ಮೊದಲು ನಾನು ಕೊಟ್ಟದ್ದನ್ನೇ ಇಳಿಸು" ಎಂದರು ಗುರುಗಳು.