ಮಂಗಟ್ಟೆಗಳ ಕರಾರು

ಜೋಡಿಯಾಗುವ ಮೊದಲು ಎರಡು ಮಂಗಟ್ಟೆ ಹಕ್ಕಿಗಳು ಕಾಡಿಗೆ ನ್ಯಾಯ ಹೇಳುವ ಗೂಬೆಯ ಬಳಿ ಬಂದು ತಮ್ಮ ಕರಾರು ಒಪ್ಪಿಸಿದವು: "ಮುಂದೆ ನಾವು ಅಗಲಿದರೆ ಒಬ್ಬರು ಇನ್ನೊಬ್ಬರನ್ನು ಏನೂ ಕೇಳಬಾರದು. ಹುಟ್ಟುವ ಮರಿಗಳಿಗಾಗಿಯೂ ಕೇಳಬಾರದು."

ಗೂಬೆ ಹೇಳಿತು: "ಮರ, ಕೊಂಬೆ ಹೇಗೆ ಬೇಕಾದರೂ ಹಂಚಿಕೊಳ್ಳಿ. ಮರಿಗಳ ಮಾತು ಮಾತ್ರ ನಡೆಯದು. ಅದು ನಿಮ್ಮ ಕೈಯಲ್ಲಿಲ್ಲ."

"ನಮ್ಮ ಮರಿ, ನಮ್ಮ ಇಷ್ಟ!" ಎಂದು ಎರಡೂ ಸಿಡುಕಿ, ಯಾರು ಏನಂದರೂ ತಲೆಯಾಡಿಸುವ ಕಾಗೆಯ ಸಾಕ್ಷಿಯಲ್ಲಿ ಕರಾರು ಮುಗಿಸಿಕೊಂಡವು.

ಕಾಲ ಬಂದಾಗ ಹೆಣ್ಣು ಕುಲದ ಪದ್ಧತಿಯಂತೆ ಪೊಟರೆ ಹೊಕ್ಕು, ಕೊಕ್ಕು ತೂರುವಷ್ಟೇ ಸೀಳು ಬಿಟ್ಟು ಬಾಗಿಲಿಗೆ ಮಣ್ಣು ಮೆತ್ತಿಕೊಂಡಿತು. ಹಾರುವ ಗರಿಗಳನ್ನೂ ಉದುರಿಸಿ ಮೊಟ್ಟೆಗಳ ಮೇಲೆ ಕೂತಿತು. ಗಂಡು ಆ ಸೀಳಿನಲ್ಲೇ ಹಣ್ಣು ಉಣಿಸುತ್ತಿತ್ತು. ಎರಡು ಮರಿಗಳಾದವು. ಆಮೇಲೊಂದು ದಿನ ಮಾತಿಗೆ ಮಾತು ಬೆಳೆದು ಗಂಡು, "ಇನ್ನು ನನ್ನ ದಾರಿ ನನಗೆ. ಕರಾರು ನೆನಪಿರಲಿ," ಎಂದು ಹಾರಿಹೋಯಿತು.

ಅದು ಎದುರು ಮರದಲ್ಲೇ ಇದ್ದರೂ ಹೆಣ್ಣು ಕರೆಯಲಿಲ್ಲ. ಹಸಿದ ಮರಿಗಳು ಚೀರಿದಾಗ, "ಸುಮ್ಮನಿರಿ, ಮಾತು ಕೊಟ್ಟಿದ್ದೇನೆ," ಎಂದು ಗದರಿತು.

ಚೀರಾಟ ಅಡಗುತ್ತಾ ಬಂದಾಗ ಗೂಬೆ ಬಂದು ಕೇಳಿತು: "ಗಂಡನನ್ನು ಏಕೆ ಕರೆಯಲಿಲ್ಲ?"

"ಕೇಳುವುದಿಲ್ಲ ಎಂದು ಒಪ್ಪಿದ್ದೆ."

"ನಿನ್ನ ಹೊಟ್ಟೆಗೆ ನೀನು ಒಪ್ಪಬಹುದಿತ್ತು ತಾಯಿ. ಅವುಗಳ ಹೊಟ್ಟೆಗೆ ಒಪ್ಪಲು ನೀನು ಯಾರು?"

ಗೂಬೆ ಎದುರು ಮರಕ್ಕೆ ಹಾರಿ ಗಂಡಿಗೂ ಅದನ್ನೇ ಹೇಳಿತು. ಗಂಡು ಎದುರಾಡದೆ ಮಾಗಿದ ಅತ್ತಿಹಣ್ಣು ತಂದು ಸೀಳಿಗೆ ಹಿಡಿದು, "ಮೊದಲು ಮರಿಗಳಿಗೆ ಕೊಡು," ಎಂದಿತು.

ಒಳಗೆ ಮರಿಗಳ ಉಸಿರು ಆಗಲೇ ನಿಂತಿತ್ತು. ಸೀಳಿನಲ್ಲಿ ತಾಯಿಯ ಕೊಕ್ಕೊಂದೇ ಕಾಣಿಸಿತು. ಅದು ತೆರೆಯಲಿಲ್ಲ.