ಒಂದು ಹನಿಯೂ ಸೋರದ ಗಾಡಿ

"ಗುರುಗಳೇ, ನಾನು ಊರಿಗೆ ವಾಪಸು ಹೋಗಿಬಿಡಲೇ?" ಎಂದು ಶಿಷ್ಯ ಕೇಳಿದ.

ಗುರುಗಳು ಏಕೆಂದು ಕೇಳಿದರು.

"ಇಲ್ಲಿಗೆ ಬರುವಾಗ ನಾನು ಒಳ್ಳೆಯವನೇ ಆಗಿದ್ದೆ. ಬಂದು ಎಂಟು ತಿಂಗಳಾಯಿತು. ಈಗ ನೋಡಿಕೊಂಡರೆ ಸಿಟ್ಟು ಇದೆ, ಹೊಟ್ಟೆಕಿಚ್ಚು ಇದೆ. ಪಂಕ್ತಿಯಲ್ಲಿ ಪಕ್ಕದವನಿಗೆ ಒಂದು ಸೌಟು ಹೆಚ್ಚು ಬಡಿಸಿದರೆ ಅದೂ ಕಣ್ಣಿಗೆ ಚುಚ್ಚುತ್ತದೆ. ಮೊದಲು ಇವು ಯಾವುವೂ ನನ್ನಲ್ಲಿರಲಿಲ್ಲ. ಧ್ಯಾನಕ್ಕೆ ಕುಳಿತು ನಾನು ಕೆಟ್ಟೆ ಎಂದೇ ತೋರುತ್ತದೆ."

ಗುರುಗಳು ಹೋಗು ಎನ್ನಲಿಲ್ಲ, ಇರು ಎಂದೂ ಅನ್ನಲಿಲ್ಲ. ಒಂದು ಕತೆ ಹೇಳಿದರು.

ಒಬ್ಬ ಗಾಡಿಯವನಿದ್ದ. ಅವನದು ಹಳೆಯ ಡೀಸೆಲ್ ಪಿಕಪ್ಪು. ಊರಿನ ತೆಂಗಿನಕಾಯಿ, ಮೇವು, ಮದುವೆಮನೆಯ ಪಾತ್ರೆ ಪಡಗ ಎಲ್ಲವೂ ಅದರಲ್ಲೇ ಸಾಗುತ್ತಿದ್ದವು. ಪೇಟೆಗೆ ಹೋಗಲು ಒಂದು ದೊಡ್ಡ ಏರು ಹತ್ತಬೇಕು. ಅರ್ಧ ಹತ್ತುವಷ್ಟರಲ್ಲಿ ಎಂಜಿನ್ ಕೆಮ್ಮಿ ಕೆಮ್ಮಿ ನಿಂತುಬಿಡುತ್ತಿತ್ತು. ಅವನು ಇಳಿದು, ಚಕ್ರಕ್ಕೆ ಕಲ್ಲು ಕೊಟ್ಟು, ಬಾನೆಟ್ ಎತ್ತಿ, ಅಲ್ಲಿರುವ ಕೈಪಂಪನ್ನು ಇಪ್ಪತ್ತು ಸಲ ಒತ್ತಿ ಡೀಸೆಲ್ ಮೇಲಕ್ಕೆ ತಂದು ಮತ್ತೆ ಹೊರಡುತ್ತಿದ್ದ. ಗಾಡಿ ಸರಿಯಿಲ್ಲ ಎಂದು ಯಾರಾದರೂ ಬಾಯಿಬಿಟ್ಟರೆ ಮಾತ್ರ ಅವನಿಗೆ ಮೂಗಿನ ತುದಿಯಲ್ಲೇ ಕೋಪ.

"ಬಗ್ಗಿ ನೋಡ್ರೀ ಅಡಿಗೆ. ಹನ್ನೆರಡು ವರ್ಷದಿಂದ ಒಂದು ಹನಿ ಡೀಸೆಲ್ ನೆಲಕ್ಕೆ ಬಿದ್ದಿಲ್ಲ" ಎನ್ನುತ್ತಿದ್ದ.

ಆ ಮಾತು ನಿಜವೇ ಆಗಿತ್ತು. ಬಗ್ಗಿ ನೋಡಿದವರಿಗೆ ಅಡಿಯೆಲ್ಲ ಒಣಗಿರುವುದೇ ಕಾಣುತ್ತಿತ್ತು.

ಅವನ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ದಿನ ತುಂಬುತ್ತಿತ್ತು. ಆಸ್ಪತ್ರೆ ಇದ್ದುದು ಏರಿನ ಆಚೆ. ಊರಿನಲ್ಲಿ ಬೇರೆ ಗಾಡಿ ಇರಲಿಲ್ಲ. ಬಸ್ಸು ದಿನಕ್ಕೊಂದೇ, ನೋವು ಬಸ್ಸಿನ ಹೊತ್ತು ನೋಡಿಕೊಂಡು ಬರುವುದಿಲ್ಲ. ನೋವು ತಿನ್ನುವ ಮಗಳನ್ನು ಏರಿನ ನಡುವೆ ಕೂರಿಸಿಕೊಂಡು ತಾನು ಕೈಪಂಪು ಒತ್ತುತ್ತಿರುವುದನ್ನು ನೆನೆದ ದಿನ ಅವನು ಉಣ್ಣುವುದನ್ನು ಬಿಟ್ಟು ಎದ್ದು ಗಾಡಿಯ ಬಾನೆಟ್ ಎತ್ತಿದ.

ಎಂಜಿನ್ನಿನ ಪಂಪಿಗೆ ಮುಪ್ಪು ಬಂದಿದೆ, ಹಿಂದಿರುವ ಟ್ಯಾಂಕಿನಿಂದ ಡೀಸೆಲ್ ಎಳೆಯುವ ಶಕ್ತಿ ಅದಕ್ಕಿಲ್ಲ ಎಂದು ಅವನು ತೀರ್ಮಾನಿಸಿದ. ಬ್ಯಾಟರಿಯಿಂದ ಓಡುವ ಹೊಸ ಪಂಪು, ದೊಡ್ಡ ಫಿಲ್ಟರು ತಂದ. ಅಂಗಳದಲ್ಲಿ ಗೋಣಿಚೀಲ ಹಾಸಿ ಗಾಡಿಯ ಅಡಿಗೆ ತೂರಿದ. ಎರಡು ದಿನ ಮನೆಯವರಿಗೆ ಅವನ ಕಾಲು ಬಿಟ್ಟು ಬೇರೇನೂ ಕಾಣಲಿಲ್ಲ. ಹೊಸ ಪಂಪನ್ನು ಟ್ಯಾಂಕಿನ ಪಕ್ಕದಲ್ಲೇ ಕೂರಿಸಿದ. ಇನ್ನು ಎಂಜಿನ್ ಡೀಸೆಲನ್ನು ಎಳೆದುಕೊಳ್ಳಬೇಕಿಲ್ಲ, ಹಿಂದಿನಿಂದ ಇದೇ ತಳ್ಳುತ್ತದೆ. ನಡುವಿನ ಹಳೆಯ ಪೈಪನ್ನು ಮಾತ್ರ ಮುಟ್ಟಲಿಲ್ಲ. ಹನಿಯೂ ಸೋರದ ಪೈಪನ್ನು ಯಾರು ಬದಲಿಸುತ್ತಾರೆ?

ಮೂರನೆಯ ದಿನ ಬೆಳಗ್ಗೆ ಕೀಲಿ ತಿರುಗಿಸಿದ. ಪಂಪು ಗುಂಯ್‌ಗುಟ್ಟಿತು. ಇಳಿದು ಬಗ್ಗಿ ನೋಡಿದರೆ ಪೈಪಿನ ಮೂರು ಕಡೆ ಡೀಸೆಲ್ ತೊಟತೊಟನೆ ತೊಟ್ಟಿಕ್ಕುತ್ತಿತ್ತು.

ಅವನು ಪಂಪು ನಿಲ್ಲಿಸಿ ಸ್ಪ್ಯಾನರ್ ಹಿಡಿದು ಮತ್ತೆ ಅಡಿಗೆ ತೂರಿದ. ಹೆಂಡತಿ ಬಂದು ಏನೆಂದು ಕೇಳಿದಳು.

"ಕಿತ್ತಾಕ್ತೀನಿ. ಈ ಶನಿ ಬಂದು ನನ್ನ ಗಾಡೀನೇ ಹಾಳು ಮಾಡ್ತು. ಹಳೇದೇ ವಾಸಿ. ನಿಂತು ನಿಂತು ಹೋದ್ರೂ ಸೋರ್ತಾ ಇರಲಿಲ್ಲ."

ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಬಗ್ಗಿ ನೋಡಿದಳು. ಗಾಡಿಯ ವಿಷಯ ಅವಳಿಗೆ ತಿಳಿಯದು. ಆದರೆ ತೋಟದ ಬಾವಿಯ ಪಂಪ್‌ಸೆಟ್ಟು ಹದಿನೈದು ವರ್ಷ ಅವಳ ಕೈಯಲ್ಲೇ ಓಡಿತ್ತು.

"ನಮ್ಮ ಬಾವಿ ಪಂಪು ನೀರೆತ್ತದೆ ಗಾಳಿ ಎಳೀತಿದ್ದಾಗ, ಕೆಳಗಿನ ಪೈಪಿನ ಜಾಯಿಂಟಿಗೆ ನಾನು ಸಗಣಿ ಮೆತ್ತುತಿದ್ದೆ. ಆ ಜಾಯಿಂಟು ಯಾವತ್ತಾದ್ರೂ ಒದ್ದೆ ಇತ್ತಾ? ಎಳೆಯೋ ಪೈಪು ಬಿರಿದ್ರೆ ಒಳಕ್ಕೆ ಗಾಳಿ ಹೋಗುತ್ತೆ, ಹೊರಕ್ಕೆ ಹನಿ ಬರಲ್ಲ. ತಳ್ಳೋ ಪೈಪಾದ್ರೆ ಎಲ್ಲಿ ಬಿರಿದೈತೆ ಅಂತ ತಾನೇ ತೋರಿಸುತ್ತೆ. ಇವು ಇವತ್ತಿನ ಬಿರುಕಲ್ಲ ಕಣ್ರೀ."

ಅವನು ಪೈಪನ್ನು ಬಗ್ಗಿಸಿ ನೋಡಿದ. ರಬ್ಬರು ಬೇಸಿಗೆಯ ಹಿಮ್ಮಡಿಯಂತೆ ಬಿರಿದಿತ್ತು. ಬಿರುಕಿನೊಳಗೆ ವರ್ಷಗಳ ಧೂಳು ಗಟ್ಟಿಯಾಗಿ ಕೂತಿತ್ತು. ಏರಿನಲ್ಲಿ ಎಂಜಿನ್ ಕೆಮ್ಮಿದ್ದು ಮುಪ್ಪಿನಿಂದಲ್ಲ, ಈ ಮೂರು ಬಾಯಿಗಳಿಂದ ಗಾಳಿ ಕುಡಿದು. ಇಷ್ಟು ವರ್ಷ ಒಣಗಿದ ಅಡಿಯನ್ನು ತೋರಿಸಿ ಮೆರೆದದ್ದು ನೆನಪಾಗಿ ಅವನಿಗೆ ನಾಚಿಕೆಯಾಯಿತು. ಮಗಳಿಗೆ ನೋವು ಬರುವ ಮೊದಲೇ ತಿಳಿಯಿತಲ್ಲ ಎಂದು ಎದೆ ಹಗುರವೂ ಆಯಿತು. ಅಡಿಯಲ್ಲಿ ಮಲಗಿದ್ದಂತೆಯೇ ನಕ್ಕುಬಿಟ್ಟ. ಅಂದಿನ ಬಸ್ಸಿಗೇ ಹೋಗಿ ಹೊಸ ಪೈಪು ತಂದು ಹಾಕಿದ. ಸೋರುವುದು ನಿಂತಿತು.

ನಾಲ್ಕನೆಯ ದಿನ ಮಧ್ಯಾಹ್ನ ಮಗಳಿಗೆ ನೋವು ಕಾಣಿಸಿತು. ತಾಯಿ ಅವಳನ್ನು ಎದೆಗಾನಿಸಿ ಹಿಡಿದು ಕೂತಳು. ಗಾಡಿ ಏರಿಗೆ ಬಿತ್ತು. ಯಾವಾಗಲೂ ನಿಲ್ಲುತ್ತಿದ್ದ ಜಾಗ ಬಂದಾಗ ಅವನ ಕೈ ರೂಢಿಯಂತೆ ಹ್ಯಾಂಡ್‌ಬ್ರೇಕಿನ ಕಡೆ ಹೋಯಿತು. ಎಂಜಿನ್ ಒಂದು ಬಿಕ್ಕಳಿಕೆಯನ್ನೂ ತೆಗೆಯದೆ ಏರು ದಾಟಿತು. ಅವರು ಆಸ್ಪತ್ರೆ ಮುಟ್ಟಿದ ಹತ್ತೇ ನಿಮಿಷಕ್ಕೆ ಮಗಳು ಹೆಣ್ಣುಮಗುವನ್ನು ಹೆತ್ತಳು. ಕೊರಳಿಗೆ ಹೊಕ್ಕುಳಬಳ್ಳಿ ಸುತ್ತಿತ್ತು, ಇನ್ನಷ್ಟು ತಡವಾಗಿದ್ದರೆ ಮಗು ಕೈಗೆ ಸಿಗುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರು. ಅವನು ಅಲ್ಲೇ ಗೋಡೆಗೆ ಒರಗಿ ಅತ್ತ. ಹೆಂಡತಿಯ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡ.

ಮರುದಿನ ಮನೆಗೆ ಬಂದಾಗ ಅಂಗಳದ ಮಣ್ಣಿನಲ್ಲಿ ಡೀಸೆಲ್ಲಿನ ಮೂರು ಕಲೆಗಳು ಹಾಗೇ ಇದ್ದವು. ಅವನು ಚಪ್ಪಲಿ ಬಿಟ್ಟು, ಅವುಗಳಿಗೆ ಕೈಮುಗಿದು ಒಳಗೆ ಹೋದ.

ಗುರುಗಳು ಕತೆ ಮುಗಿಸಿದರು. ಶಿಷ್ಯ, "ನಿಮ್ಮಲ್ಲಿ ಇಂಥ ಸಿಟ್ಟು, ಹೊಟ್ಟೆಕಿಚ್ಚು ಕಾಣುವುದು ನಿಂತು ಎಷ್ಟು ವರ್ಷವಾಯಿತು?" ಎಂದು ಕೇಳಿದ.

"ನೀನು ಹೋಗುತ್ತೇನೆ ಎಂದಾಗ ನನ್ನಲ್ಲಿ ಸಿಟ್ಟು ಕಂಡಿತಪ್ಪ, ಅದನ್ನು ತೋರಿಸಿಕೊಟ್ಟ ನಿನಗೆ ನಾನು ಕೈಮುಗಿಯಬೇಕು" ಎಂದರು ಗುರುಗಳು.